ಮನೆಯ ದೀಪ ಯಾರ ಕೈಯಲ್ಲಿ?

ಮುಸ್ಸಂಜೆಯಲ್ಲಿ ದೀಪ ಹಚ್ಚುವುದೆಂದರೆ ಕನ್ನಡಿಗರ ಮನೆಗಳಲ್ಲಿ ಕತ್ತಲೆಯನ್ನು ಕಳೆಯುವ ಕೆಲಸ ಮಾತ್ರವಾಗಿರಲಿಲ್ಲ. ಅದು ಮನೆಯ ಹಿರಿಯ ಹೆಣ್ಣಿನ ಅಧಿಕಾರವೂ ಆಗಿದ್ದಿತು. ಎಣ್ಣೆ ಎಷ್ಟಿರಬೇಕು, ಬತ್ತಿ ಎಷ್ಟು ಮುಂದೆ ಸರಿಯಬೇಕು, ಮಲಗುವ ಹೊತ್ತಿಗೆ ಯಾವ ದೀಪ ನಿಲ್ಲಬೇಕು, ಯಾವುದು ಸಣ್ಣಗೆ ಉರಿಯುತ್ತಿರಬೇಕು ಎಂಬುದೆಲ್ಲವೂ ಆಕೆಯ ತೀರ್ಮಾನಕ್ಕೆ ಸೇರಿದ ವಿಷಯ. 'ದೀಪ ಆರಿಸು' ಎನ್ನಲೂ ಹಿಂಜರಿದು 'ದೀಪ ಶಾಂತ ಮಾಡು' ಎನ್ನುವ ಹಿರಿಯರು ಇಂದಿಗೂ ಇದ್ದಾರೆ. ಆ ಹಿರಿಯರು ಮಗನ ಸಂಸಾರದೊಂದಿಗೆ ಮಹಾನಗರದ ಹದಿನೈದನೆಯ ಅಂತಸ್ತಿಗೆ ಬಂದು ನೆಲೆಸಿದಾಗ, ಆ ಅಧಿಕಾರ ಯಾರ ಕೈಗೆ ಹೋಗಿದೆ ಎಂಬ ಪ್ರಶ್ನೆಯನ್ನು ಇಂದು ಕೇಳಬೇಕಾಗಿದೆ.

ಸಂಜೆ ಏಳರ ಹೊತ್ತಿಗೆ ಪವಾಯಿ ಕೆರೆಯ ದಂಡೆಯಲ್ಲಿ ನಿಂತು ಹಿರಾನಂದಾನಿ ಬಡಾವಣೆಯ ಕಡೆಗೆ ಕಣ್ಣು ಹಾಯಿಸಿದವರಿಗೆ, ಗೋಪುರದಂತಹ ಕಟ್ಟಡಗಳ ಸಾವಿರ ಕಿಟಕಿಗಳು ಬೆಳಗುವ ದೃಶ್ಯ ಕಾಣುತ್ತದೆ. ಕೆಲವು ಕಿಟಕಿಗಳಲ್ಲಿ ಹಾಲುಬಿಳಿ, ಕೆಲವುಗಳಲ್ಲಿ ಹೊಂಬಣ್ಣ, ಅಲ್ಲಲ್ಲಿ ನೇರಿಳೆ, ನೀಲಿ. ಬಣ್ಣ ಬದಲಿಸುವ ಈ ದೀಪಗಳನ್ನು 'ಸ್ಮಾರ್ಟ್' ದೀಪಗಳೆಂದು ಕರೆಯುತ್ತಾರೆ. ಬಲ್ಬಿನ ಬುಡದಲ್ಲೇ ಒಂದು ಸಣ್ಣ ರೇಡಿಯೋ ಇದೆ. ಅದು ಮನೆಯ ವೈಫೈ ಜಾಲದ ಮೂಲಕವೋ, ಜಿಗ್‌ಬೀ ಎಂಬ ಕಡಿಮೆ ಶಕ್ತಿಯ ಬೇರೊಂದು ಜಾಲದ ಮೂಲಕವೋ ಮೊಬೈಲಿನ ಅಪ್ಪಣೆಯನ್ನು ಕೇಳಿಸಿಕೊಳ್ಳುತ್ತದೆ. ಹೊತ್ತು ಗೊತ್ತುಮಾಡಿದರೆ ತಾನೇ ಬೆಳಗುತ್ತದೆ, ತಾನೇ ಮಂಕಾಗುತ್ತದೆ. ಫಿಲಿಪ್ಸ್ ಸಂಸ್ಥೆಯ 'ಹ್ಯೂ' ದೀಪಗಳು 2012ರಲ್ಲಿ ಮಾರುಕಟ್ಟೆಗೆ ಬಂದಾಗ ಶ್ರೀಮಂತರ ಆಟಿಕೆಯಂತಿದ್ದ ಈ ವಸ್ತು ಇಂದು ಮಧ್ಯಮ ವರ್ಗದ ಮನೆಗಳಿಗೂ ಕಾಲಿಟ್ಟಿದೆ.

ಹೊಸ ದೀಪದ ಗುಣದೋಷಗಳನ್ನು ತೂಗುವ ಮೊದಲು ಹಳೆಯ ಸ್ವಿಚ್ಚು ಮಾಡಿದ ಉಪಕಾರವನ್ನು ನೆನೆಯುವುದು ಉಚಿತ. ಶಿವನಸಮುದ್ರದ ಜಲವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳು ವಿದ್ಯುದ್ದೀಪದಿಂದ ಬೆಳಗಿದುವು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ಇರುಳು ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತ ಕರಾವಳಿಯ ಹುಡುಗರಿಗೆ ಆ ದೀಪವೇ ಎರಡನೆಯ ಸೂರ್ಯ. ಗೋಡೆಯ ಮೇಲಿನ ಸ್ವಿಚ್ಚಿಗೆ ಒಂದು ದೊಡ್ಡ ಗುಣವಿದ್ದಿತು: ಅದು ಎಲ್ಲರಿಗೂ ಸಮಾನ. ಓದುಬರಹ ಬೇಕಿಲ್ಲ, ಗುಪ್ತಪದ ಬೇಕಿಲ್ಲ, ಯಾವ ಭಾಷೆಯೂ ಬೇಕಿಲ್ಲ. ಆರು ವರ್ಷದ ಮಗುವಿನ ಬೆರಳಿಗೂ ಎಂಬತ್ತರ ಅಜ್ಜಿಯ ಬೆರಳಿಗೂ ಅದು ಒಂದೇ ಬಗೆಯಲ್ಲಿ ವಿಧೇಯವಾಗಿರುತ್ತದೆ. ಈ ಸಮಾನತೆಗೆ ಸ್ಮಾರ್ಟ್ ದೀಪ ಭಂಗ ತರುತ್ತಿದೆಯೇ ಎಂಬುದೇ ಪರಿಶೀಲಿಸಬೇಕಾದ ವಿಷಯ.

ಇಂತಹ ದೀಪಗಳನ್ನು ಜೋಡಿಸಿದ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದನ್ನು ಗಮನಿಸೋಣ. ಬಲ್ಬು ಕೊಳ್ಳುವಾಗ ಮನೆಯ ಹೋಲ್ಡರಿಗೆ ಹೊಂದುವ ಬುಡವನ್ನೇ ಆರಿಸಬೇಕು. ನಮ್ಮ ದೇಶದ ಬಹುಪಾಲು ಮನೆಗಳಲ್ಲಿರುವುದು ಎರಡು ಮೊಳೆಗಳ, ತಿರುಗಿಸಿ ಸಿಕ್ಕಿಸುವ ಬುಡ. ಅನಂತರ ಮೊಬೈಲಿನೊಂದಿಗೆ ಜೋಡಿಸುವ ಕಾರ್ಯ. ಇಲ್ಲಿಯೇ ಅನೇಕರು ಸೋಲುತ್ತಾರೆ. ಬಹುತೇಕ ವೈಫೈ ಬಲ್ಬುಗಳಿಗೆ ತಿಳಿದಿರುವುದು 2.4 ಗಿಗಾಹರ್ಟ್ಸ್ ತರಂಗ ಮಾತ್ರ. ಮೊಬೈಲು 5 ಗಿಗಾಹರ್ಟ್ಸ್‌ನಲ್ಲಿದ್ದರೆ ಎಷ್ಟೋ ಸಲ ಒಂದು ಇನ್ನೊಂದನ್ನು ಗುರುತಿಸುವುದಿಲ್ಲ. ಒಂದೇ ಕಟ್ಟಡದಲ್ಲಿ ನೂರಾರು ಮನೆಗಳ ವೈಫೈ ಒತ್ತೊತ್ತಾಗಿ ಹರಡಿರುವ ಪವಾಯಿಯಂತಹ ಪ್ರದೇಶದಲ್ಲಿ ಆ ತರಂಗಕ್ಕೆ ನೂಕುನುಗ್ಗಲೂ ಹೆಚ್ಚು; ಕಾಂಕ್ರೀಟು ಗೋಡೆಗಳ ಅಡ್ಡಿ ಬೇರೆ. ಮಗ ಒಂದು ಭಾನುವಾರವನ್ನೆಲ್ಲ ಇದಕ್ಕೆ ಮುಡಿಪಾಗಿಟ್ಟು ಕೊನೆಗೆ ಗೆಲ್ಲುತ್ತಾನೆ. ಬಳಿಕ ಮನೆಯವರಿಗೆಲ್ಲ ಒಂದು ಕಟ್ಟಪ್ಪಣೆ ಹೊರಡುತ್ತದೆ: 'ಗೋಡೆಯ ಸ್ವಿಚ್ಚನ್ನು ಯಾರೂ ಮುಟ್ಟಬಾರದು!'

ಈ ಕಟ್ಟಪ್ಪಣೆಗೆ ಕಾರಣವಿಲ್ಲದಿಲ್ಲ. ಸ್ವಿಚ್ಚು ಆರಿಸಿದರೆ ಬಲ್ಬಿನೊಳಗಿನ ರೇಡಿಯೋಗೂ ವಿದ್ಯುತ್ತು ನಿಂತುಹೋಗುತ್ತದೆ. ಆಗ ಮೊಬೈಲಿನ ಮಾತು ಅದಕ್ಕೆ ಕೇಳಿಸದು. ಆದರೆ ಅರವತ್ತು ವರ್ಷ ಕೊಠಡಿಯಿಂದ ಹೊರಬರುವಾಗಲೆಲ್ಲ ದೀಪ ಆರಿಸಿ ಬಂದ ತಾಯಿಯ ಕೈ ಈ ಕಟ್ಟಳೆಯನ್ನು ಹೇಗೆ ಪಾಲಿಸೀತು? ಮಿತವ್ಯಯ ಆ ಕೈಗೆ ರೂಢಿಯಾಗಿದೆ. ಆಕೆ ಆರಿಸುತ್ತಾಳೆ, ಮಗ ರೇಗುತ್ತಾನೆ, ಸೊಸೆ ಸ್ವಿಚ್ಚಿನ ಮೇಲೆ ಅಂಟುಪಟ್ಟಿ ಹಚ್ಚುತ್ತಾಳೆ. ಅಂದಿನಿಂದ ತಾಯಿ ದೀಪ ಬೇಕಾದಾಗ ಯಾರನ್ನಾದರೂ ಕರೆಯಬೇಕು. ಕರೆಯಲು ಸಂಕೋಚವಾದರೆ ಕತ್ತಲೆಯಲ್ಲಿ ಕುಳಿತಿರಬೇಕು. 'ಬಾಯಿಂದ ಹೇಳಿದರೆ ಸಾಕಲ್ಲ' ಎನ್ನುವವರಿದ್ದಾರೆ. ಮಾತು ಕೇಳುವ ಸ್ಪೀಕರುಗಳು ಬಹುಮಟ್ಟಿಗೆ ಇಂಗ್ಲಿಷು, ಹಿಂದಿಗಳಲ್ಲಿ ಅಪ್ಪಣೆ ಬಯಸುತ್ತವೆ. ಕನ್ನಡವನ್ನೋ ತುಳುವನ್ನೋ ಮಾತ್ರ ಬಲ್ಲ ಮುದುಕಿ ತನ್ನ ಮನೆಯ ದೀಪವನ್ನೇ ಪರಭಾಷೆಯಲ್ಲಿ ಬೇಡಿಕೊಳ್ಳಬೇಕಾದ ಸ್ಥಿತಿ ಪ್ರಗತಿಯೆನಿಸೀತೆ?

ಇದನ್ನು ಅತ್ತೆ ಸೊಸೆಯರ ಸಣ್ಣ ಮುನಿಸೆಂದು ತಳ್ಳಿಹಾಕುವಂತಿಲ್ಲ. ವಿಷಯ ಆರೋಗ್ಯಕ್ಕೆ, ಕೆಲವೊಮ್ಮೆ ಪ್ರಾಣಕ್ಕೂ ಸಂಬಂಧಿಸಿದುದು. ವಯಸ್ಸಾದವರು ರಾತ್ರಿ ಒಂದೆರಡು ಸಲವಾದರೂ ಏಳುತ್ತಾರೆ. ಮಧುಮೇಹ, ಪ್ರೋಸ್ಟೇಟ್ ತೊಂದರೆ, ರಕ್ತದೊತ್ತಡಕ್ಕೆ ಕೊಡುವ ಮೂತ್ರವರ್ಧಕ ಗುಳಿಗೆ ಇವೆಲ್ಲ ಅವರನ್ನು ಹಾಸಿಗೆಯಿಂದ ಎಬ್ಬಿಸುತ್ತವೆ. ಥಟ್ಟನೆ ಎದ್ದು ನಿಂತಾಗ ರಕ್ತದೊತ್ತಡ ಇಳಿದು ತಲೆ ಸುತ್ತುವುದೂ ಉಂಟು. ಆ ಗಳಿಗೆಯಲ್ಲಿ ಕೈಗೆ ದೀಪ ಸಿಗದಿದ್ದರೆ, ಕಾಲೊರಸು, ಹೊಸ್ತಿಲು, ಬಚ್ಚಲಿನ ಒದ್ದೆ ನೆಲ ಎಲ್ಲವೂ ವೈರಿಗಳೇ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಪ್ರತಿ ವರ್ಷ 6,84,000 ಜನ ಬಿದ್ದು ಸಾಯುತ್ತಾರೆ. ಹೀಗೆ ಸಾಯುವವರಲ್ಲಿ ಅರವತ್ತು ದಾಟಿದವರ ಪಾಲು ಎಲ್ಲಕ್ಕಿಂತ ದೊಡ್ಡದು. ಸೊಂಟದ ಮೂಳೆ ಮುರಿದ ವೃದ್ಧರಲ್ಲಿ ಎಷ್ಟೋ ಮಂದಿ ಮತ್ತೆ ಮೊದಲಿನಂತೆ ನಡೆಯುವುದಿಲ್ಲವೆಂಬುದು ಎಲುಬುವೈದ್ಯರೆಲ್ಲರ ಅನುಭವ.

ದೀಪ ಸಿಕ್ಕರೂ ಅಪಾಯ ಪೂರ್ತಿ ತಪ್ಪುವುದಿಲ್ಲ. ವಯಸ್ಸಿನೊಂದಿಗೆ ಕಣ್ಣಿನ ಮಸೂರ ಹಳದಿಗಟ್ಟುತ್ತದೆ, ಪಾಪೆ ಕಿರಿದಾಗುತ್ತದೆ. ಅರವತ್ತರ ಕಣ್ಣಿನ ಒಳಪದರವನ್ನು ತಲಪುವ ಬೆಳಕು ಇಪ್ಪತ್ತರ ಕಣ್ಣಿನ ಒಳಪದರವನ್ನು ತಲಪುವುದರ ಮೂರರಲ್ಲೊಂದು ಪಾಲಿನಷ್ಟು ಮಾತ್ರ. ಆದುದರಿಂದ ಹಗಲು ಓದಲು, ಅಕ್ಕಿ ಆರಿಸಲು ಹಿರಿಯರಿಗೆ ಹೆಚ್ಚು ಬೆಳಕು ಬೇಕು. ಇರುಳಿನಲ್ಲಿಯಾದರೋ ಕತ್ತಲೆಗೆ ಹೊಂದಿಕೊಂಡ ಕಣ್ಣಿಗೆ ಪ್ರಖರವಾದ ಬಿಳಿ ಬೆಳಕು ಒಮ್ಮೆಲೇ ಬಿದ್ದರೆ ಕಣ್ಣು ಕೋರೈಸಿ ಎದುರಿನದು ಕಾಣದಂತಾಗುತ್ತದೆ. ಆರಿಸಿದ ಮೇಲೆ ಕಣ್ಣು ಕತ್ತಲೆಗೆ ಪೂರ್ಣವಾಗಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು.

ನಿದ್ರೆಯ ವಿಷಯವೂ ಇದರೊಂದಿಗೆ ಹೆಣೆದುಕೊಂಡಿದೆ. ದೇಹದೊಳಗೆ ಹಗಲಿರುಳುಗಳನ್ನು ಎಣಿಸುವ ಒಂದು ಗಡಿಯಾರವಿದೆ. ಅದರ ಒಳಯಂತ್ರವನ್ನು ಬಿಡಿಸಿ ತೋರಿಸಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬಾಶ್, ಮೈಕೇಲ್ ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಕಣ್ಣಿನ ಒಳಪದರದ ಕೆಲವು ವಿಶೇಷ ಕೋಶಗಳು ನೀಲಿಯ ಅಂಶ ಹೆಚ್ಚಾದ ಬೆಳಕನ್ನು ಕಂಡೊಡನೆ ಈ ಗಡಿಯಾರಕ್ಕೆ 'ಇನ್ನೂ ಹಗಲು' ಎಂದು ವರದಿ ಒಪ್ಪಿಸುತ್ತವೆ. ನಿದ್ರೆಯನ್ನು ಕರೆತರುವ ಮೆಲಟೋನಿನ್ ರಸದ ಒಸರು ಕುಗ್ಗುತ್ತದೆ. ನಮ್ಮ ಮನೆಗಳಲ್ಲಿ 'ಬೆಳಕು ಚೆನ್ನಾಗಿದೆ' ಎಂದು ಮೆಚ್ಚಿ ಹಾಕಿಕೊಂಡ 6500 ಕೆಲ್ವಿನ್ನಿನ ಹಾಲುಬಿಳಿ ಬಲ್ಬುಗಳಲ್ಲಿ ಈ ನೀಲಿಯ ಅಂಶ ಬಹಳ. ಹಳೆಯ ತಂತಿಬಲ್ಬಿನ ಬೆಳಕು ಸುಮಾರು 2700 ಕೆಲ್ವಿನ್. ಎಣ್ಣೆದೀಪದ್ದು ಅದಕ್ಕಿಂತಲೂ ಕಡಿಮೆ. ಮಲಗುವ ಮೂರು ಗಂಟೆ ಮೊದಲಿನಿಂದಲೇ ಬೆಳಕನ್ನು ತಗ್ಗಿಸಬೇಕು, ಮಲಗುವ ಕೊಠಡಿ ಆದಷ್ಟೂ ಕತ್ತಲೆಯಾಗಿರಬೇಕು, ಹಗಲಿನಲ್ಲಿ ಮಾತ್ರ ಸಾಕಷ್ಟು ಬೆಳಕು ಕಣ್ಣಿಗೆ ಬೀಳಬೇಕು ಎಂದು 2022ರಲ್ಲಿ ತಜ್ಞರ ಒಂದು ಅಂತರರಾಷ್ಟ್ರೀಯ ತಂಡ ಸಲಹೆ ನೀಡಿತು. ಬತ್ತಿ ಸಣ್ಣದು ಮಾಡುತ್ತಿದ್ದ ಅಜ್ಜಿ ಇದನ್ನೇ ಮಾಡುತ್ತಿದ್ದಳು.

ಹಾಗಾದರೆ ಸ್ಮಾರ್ಟ್ ದೀಪ ತ್ಯಾಜ್ಯವೇ? ಖಂಡಿತ ಅಲ್ಲ. ನ್ಯಾಯವಾಗಿ ನೋಡಿದರೆ ಆ ಅಜ್ಜಿಯ ವಿವೇಕವನ್ನು ಮತ್ತೆ ಮನೆಗೆ ತರಬಲ್ಲ ಶಕ್ತಿ ಇರುವುದು ಈ ದೀಪಕ್ಕೇ. ಸಂಜೆಯಾಗುತ್ತಲೇ ಬಿಳುಪು ಕಳೆದು ಹೊಂಬಣ್ಣಕ್ಕೆ ತಿರುಗುವುದು, ಹತ್ತು ಗಂಟೆಗೆ ಮಂಕಾಗುವುದು, ನಡುರಾತ್ರಿ ಯಾರಾದರೂ ಕಾಲು ಕೆಳಗಿಟ್ಟೊಡನೆ ಚಲನೆಯನ್ನು ಅರಿತು ನೆಲದ ಮಟ್ಟದಲ್ಲಿ ಮಂದವಾಗಿ ಬೆಳಗುವುದು, ಇವೆಲ್ಲ ಅದಕ್ಕೆ ಸಾಧ್ಯ. ಕೀಲುವಾತದಿಂದ ಬೆರಳು ಮಡಿಸಲಾಗದವರಿಗೆ, ಪಾರ್ಶ್ವವಾಯುವಿನಿಂದ ಹಾಸಿಗೆ ಹಿಡಿದವರಿಗೆ, ಮಾತಿಗೆ ಮಣಿಯುವ ದೀಪ ನಿಜವಾದ ಸ್ವಾತಂತ್ರ್ಯವನ್ನೇ ಕೊಡುತ್ತದೆ. ತಪ್ಪು ಯಂತ್ರದ್ದಲ್ಲ, ಅದನ್ನು ಜೋಡಿಸುವ ಕ್ರಮದ್ದು. ಮನೆಯಲ್ಲಿ ಅತ್ಯಂತ ಚುರುಕಾದವನ ಅನುಕೂಲಕ್ಕೆಂದು ಜೋಡಿಸಿದ ದೀಪ ಅತ್ಯಂತ ಅಶಕ್ತನಿಗೆ ಅಡ್ಡಿಯಾಗುತ್ತದೆ. ಅತ್ಯಂತ ಅಶಕ್ತನ ಅನುಕೂಲಕ್ಕೆಂದು ಜೋಡಿಸಿದ ದೀಪ ಎಲ್ಲರಿಗೂ ಒದಗುತ್ತದೆ.

ಆದುದರಿಂದ ಕೆಲವು ಮಾತುಗಳನ್ನು ಗೃಹಸ್ಥರು ಗಮನಿಸಬೇಕು. ಮೊದಲನೆಯದಾಗಿ, ಬಲ್ಬನ್ನು ಜಾಣನನ್ನಾಗಿಸುವ ಬದಲು ಸ್ವಿಚ್ಚನ್ನೇ ಜಾಣನನ್ನಾಗಿಸಬಹುದು. ಸ್ವಿಚ್ಚುಫಲಕದ ಹಿಂದೆ ಕೂರಿಸುವ ಸಣ್ಣ ಘಟಕಗಳು ದೊರೆಯುತ್ತವೆ. ಆಗ ಮೊಬೈಲೂ ಕೆಲಸಮಾಡುತ್ತದೆ, ಗೋಡೆಯ ಸ್ವಿಚ್ಚೂ ಎಂದಿನಂತೆ ಕೆಲಸಮಾಡುತ್ತದೆ. ಬಹುತೇಕ ಘಟಕಗಳಿಗೆ ಫಲಕದಲ್ಲಿ ನ್ಯೂಟ್ರಲ್ ತಂತಿ ಇರಲೇಬೇಕು. ಇದು ಪರವಾನೆಯುಳ್ಳ ಎಲೆಕ್ಟ್ರಿಷಿಯನ್ ಮಾಡಬೇಕಾದ ಕಾರ್ಯ, ಭಾನುವಾರದ ಹವ್ಯಾಸವಲ್ಲ. ಎರಡನೆಯದಾಗಿ, ಹಾಸಿಗೆಯಿಂದ ಬಚ್ಚಲಿನವರೆಗಿನ ದಾರಿಗೆ ಮೊದಲ ಹಣ ವೆಚ್ಚವಾಗಲಿ. ಬೈಠಕ್ಕಿನ ಬಣ್ಣದ ಬೆಳಕು ಆಮೇಲೆ ಬರಲಿ. ಅಲ್ಲಿ ಬೇಕಾದುದು ಪಾದದ ಮಟ್ಟದ, ಹೊಂಬಣ್ಣದ, ಚಲನೆಗೆ ತಾನೇ ಎಚ್ಚರಗೊಳ್ಳುವ ಮಂದ ದೀಪ. ಬ್ಯಾಟರಿಯಿಂದ ನಡೆಯುವ, ಯಾವ ಜಾಲವೂ ಬೇಡದ ಸಾಧಾರಣ ಚಲನದೀಪವೂ ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತದೆ.

ಮೂರನೆಯದಾಗಿ, ವಿದ್ಯುತ್ತು ಹೋಗಿ ಬಂದಾಗ ಬಲ್ಬು ಹೇಗೆ ವರ್ತಿಸಬೇಕೆಂಬುದನ್ನು ಮೊದಲೇ ಗೊತ್ತುಮಾಡಿಡಬೇಕು. ಎಷ್ಟೋ ಬಲ್ಬುಗಳು ವಿದ್ಯುತ್ತು ಮರಳಿದೊಡನೆ ಪೂರ್ಣ ಪ್ರಖರತೆಯಲ್ಲಿ ಹೊತ್ತಿಕೊಳ್ಳುತ್ತವೆ. ನಡುರಾತ್ರಿ ಮನೆಗೆ ಮನೆಯೇ ಎಚ್ಚತ್ತು ಕೂರುತ್ತದೆ. ಮುಂಬಯಿಯಲ್ಲಿ ಕರೆಂಟು ಹೋಗುವುದೇ ಇಲ್ಲವೆಂಬ ಹೆಮ್ಮೆಗೆ 2020ರ ಅಕ್ಟೋಬರ್ 12ರಂದು ನಗರವೆಲ್ಲ ಗಂಟೆಗಟ್ಟಲೆ ಸ್ತಬ್ಧಗೊಂಡುದೇ ಉತ್ತರ. ನಾಲ್ಕನೆಯದಾಗಿ, ದೂರದ ಯಾವುದೋ ಕಂಪ್ಯೂಟರನ್ನು ನಂಬಿ ಮನೆಯ ಬೆಳಕನ್ನು ಅದರ ವಶಕ್ಕೆ ಕೊಡುವುದು ವಿವೇಕವಲ್ಲ. ಅಮೆರಿಕದ ಇನ್‌ಸ್ಟಿಯಾನ್ ಸಂಸ್ಥೆ 2022ರ ಏಪ್ರಿಲಿನಲ್ಲಿ ಮುನ್ಸೂಚನೆಯಿಲ್ಲದೆ ತನ್ನ ಸರ್ವರುಗಳನ್ನು ನಿಲ್ಲಿಸಿದಾಗ, ಅದನ್ನು ನೆಚ್ಚಿದ ಗ್ರಾಹಕರು ಮೊಬೈಲಿನಿಂದ ತಮ್ಮ ದೀಪಗಳನ್ನು ಆಳುವ ಅಧಿಕಾರವನ್ನು ಕಳೆದುಕೊಂಡರು. ಇಂಟರ್ನೆಟ್ ಇಲ್ಲದಿದ್ದರೂ ಮನೆಯೊಳಗೇ ನಡೆಯುವ ವ್ಯವಸ್ಥೆಯನ್ನು ಕೇಳಿ ಪಡೆಯುವುದು ಮೇಲು.

ವಿದ್ಯುತ್ತಿನ ಉಳಿತಾಯದ ಬಗೆಗೂ ಒಂದು ಮಾತು. ದಿನಕ್ಕೆ ಐದು ಗಂಟೆಯಂತೆ 60 ವಾಟಿನ ಹಳೆಯ ಬಲ್ಬು ತಿಂಗಳಿಗೆ 9 ಯೂನಿಟ್ ಉರಿಸಿದರೆ, 9 ವಾಟಿನ ಎಲ್‌ಇಡಿ ಒಂದೂಕಾಲು ಯೂನಿಟ್ಟಿಗೆ ಸ್ವಲ್ಪ ಮೇಲ್ಪಟ್ಟು ಉರಿಸುತ್ತದೆ. ದೊಡ್ಡ ಉಳಿತಾಯ ಎಲ್‌ಇಡಿಯಿಂದಲೇ ಆಗಿಹೋಯಿತು. ಜಾಣತನದಿಂದ ಅದಕ್ಕೆ ಸೇರುವುದು ಅಲ್ಪ. ಸ್ಮಾರ್ಟ್ ಬಲ್ಬು ಆರಿರುವಾಗಲೂ ಕಿವಿ ತೆರೆದಿರಬೇಕಾದುದರಿಂದ ಕಾಲು ವಾಟಿನಿಂದ ಅರ್ಧ ವಾಟಿನವರೆಗೆ ಹೀರುತ್ತಿರುತ್ತದೆ. ಅರ್ಧ ವಾಟಿನ ಲೆಕ್ಕದಲ್ಲಿ ಅಂತಹ ಹತ್ತು ಬಲ್ಬುಗಳು ಆರಿಯೇ ತಿಂಗಳಿಗೆ ಮೂರು ಯೂನಿಟ್ಟಿನ ಹತ್ತಿರ ಮುಗಿಸುತ್ತವೆ. ಹೊರೆ ದೊಡ್ಡದಲ್ಲ, ಆದರೆ ಉಳಿತಾಯದ ಹೆಸರಿನಲ್ಲಿ ತಾಯಿಯ ಕೈಯನ್ನು ಸ್ವಿಚ್ಚಿನಿಂದ ದೂರವಿಡುವವರು ಈ ಲೆಕ್ಕವನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.

ಹಿರಿಯರೂ ಕಾಲಕ್ಕೆ ತಕ್ಕಂತೆ ಕಲಿಯಬೇಕಲ್ಲವೆ ಎಂಬ ಆಕ್ಷೇಪ ಬರಬಹುದು. ಕಲಿಯಬೇಕು, ಎಷ್ಟೋ ಮಂದಿ ಸಂತೋಷದಿಂದ ಕಲಿತೂ ಇದ್ದಾರೆ. ಮೊಮ್ಮಗಳು ಪಕ್ಕದಲ್ಲಿ ಕುಳಿತು ತಾಳ್ಮೆಯಿಂದ ತೋರಿಸಿದರೆ ಎಂಬತ್ತರ ಬೆರಳೂ ಮೊಬೈಲನ್ನು ಒಲಿಸಿಕೊಳ್ಳುತ್ತದೆ. ಆದರೆ ಕಲಿಕೆ ಹಗಲಿನ ಮಾತು. ನಡುರಾತ್ರಿ ಎರಡು ಗಂಟೆಗೆ ಅರೆನಿದ್ದೆಯಲ್ಲಿ, ಕನ್ನಡಕವಿಲ್ಲದೆ, ತುರ್ತಿನಲ್ಲಿ ಎದ್ದವರಿಗೆ ಕಲಿತದ್ದು ನೆನಪಾಗುವುದಿಲ್ಲ. ಕೈ ತಾನಾಗಿ ಗೋಡೆಯನ್ನು ತಡವುತ್ತದೆ. ಆ ಗಳಿಗೆಯಲ್ಲಿ ಗೋಡೆ ಉತ್ತರ ಕೊಡಬೇಕು.

ಹೊಸ ದೀಪ ಕೊಂಡು ತಂದವರು ಅದರ ಪರೀಕ್ಷೆಯನ್ನು ಮೊಬೈಲು ಹಿಡಿದು ಸೋಫಾದ ಮೇಲೆ ಕುಳಿತು ನಡೆಸಿದರೆ ಸಾಲದು. ಮನೆಯವರೆಲ್ಲ ಮಲಗಿದ ಮೇಲೆ, ಮೊಬೈಲನ್ನು ಬೇರೆ ಕೊಠಡಿಯಲ್ಲಿಟ್ಟು, ವೈಫೈ ಆರಿಸಿ, ತಾಯಿಯ ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕುಳಿತು, ಬಚ್ಚಲಿನವರೆಗೆ ನಡೆದು ಬರಬೇಕು. ದಾರಿ ಕಂಡಿತೆಂದರೆ ದೀಪ ನಿಜವಾಗಿ ಜಾಣ. ಕಾಣದಿದ್ದರೆ ನಾಳೆ ಬೆಳಿಗ್ಗೆ ಸ್ವಿಚ್ಚಿನ ಮೇಲಿನ ಅಂಟುಪಟ್ಟಿಯನ್ನು ಕಿತ್ತುಹಾಕುವುದೇ ಮೊದಲ ಕೆಲಸ.