ಸಂವಹನ ಶಾಸ್ತ್ರ: ಮಕ್ಕಳನ್ನು ಎಲ್ಲಿಯವರೆಗೆ ಓದಿಸಬೇಕು?



ಇಂಟರ್ ಫಲಿತಾಂಶ ಬಂದ ಮೇಲೆ ನಮ್ಮ ಮನೆಗಳಲ್ಲಿ ನಡೆಯುವ ಮಾತು ನಿಮಗೆಲ್ಲ ಗೊತ್ತಿದ್ದದ್ದೇ. ಹುಡುಗನಾದರೆ ಬಿ.ಕಾಂ., ಆಮೇಲೆ ಅಂಗಡಿಯ ಗಾದಿ. ಹುಡುಗಿಯಾದರೆ ಒಂದು ಡಿಗ್ರಿ, ಆಮೇಲೆ ಮದುವೆ. ಈಗೀಗ ಕೆಲವು ಮಕ್ಕಳು ಸಂವಹನ, ಪತ್ರಿಕೋದ್ಯಮ ಓದುತ್ತೇವೆ ಎನ್ನುತ್ತಿದ್ದಾರೆ. "ಟಿ.ವಿ.ಯಲ್ಲಿ ಮೈಕು ಹಿಡಿದು ಕೂಗಲು ಓದು ಯಾಕೆ ಬೇಕು?" ಎಂದು ಹಿರಿಯರು ಒಂದೇ ಮಾತಿಗೆ ಮುಗಿಸಿಬಿಡುತ್ತಾರೆ. ಆದರೆ ಸರಕು ನೋಡದೆ ದರ ಹೇಳುವುದು ವ್ಯಾಪಾರಿಯ ಲಕ್ಷಣವಲ್ಲ. ನನ್ನದು ಮೆಟ್ರಿಕ್ ಓದು. ಆದರೂ ವಿಚಾರಿಸಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮ ಶಿಕ್ಷಣವನ್ನು ಆರಂಭಿಸಿದರು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ ಈ ವಿಭಾಗ ತೆರೆಯಿತು. ಆಗ ನಮ್ಮ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಯಲ್ಲಿದ್ದವು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅವು ಆಂಧ್ರಪ್ರದೇಶಕ್ಕೆ ಸೇರಿದವು, 2014ರಿಂದ ತೆಲಂಗಾಣದಲ್ಲಿವೆ. ಗಡಿ ಬದಲಾದರೂ ತಾಂಡೂರಿನಲ್ಲಿ ರೈಲು ಹತ್ತಿದರೆ ಒಂದು ಕಡೆ ಹೈದರಾಬಾದು, ಇನ್ನೊಂದು ಕಡೆ ಕಲಬುರಗಿ. ಎರಡೂ ಊರುಗಳಲ್ಲಿ ವಿಶ್ವವಿದ್ಯಾಲಯಗಳಿವೆ.

ಈ ಓದಿಗೆ ಮೂರು ಮೆಟ್ಟಿಲು. ಮೊದಲನೆಯದು ಪದವಿ. ಇಲ್ಲಿ ಕೈಕೆಲಸ ಕಲಿಸುತ್ತಾರೆ: ಸುದ್ದಿ ಬರೆಯುವುದು, ತಿದ್ದುವುದು, ಜಾಹೀರಾತು, ಸಾರ್ವಜನಿಕ ಸಂಪರ್ಕ, ಆಕಾಶವಾಣಿ, ಕ್ಯಾಮೆರಾ. ಎರಡನೆಯದು ಎರಡು ವರ್ಷದ ಸ್ನಾತಕೋತ್ತರ ಪದವಿ. ಇಲ್ಲಿ "ಹೇಗೆ" ಎಂಬುದರ ಜೊತೆಗೆ "ಯಾಕೆ" ಎಂಬ ಪ್ರಶ್ನೆ ಬರುತ್ತದೆ. ಜನ ಯಾವ ಮಾತನ್ನು ನಂಬುತ್ತಾರೆ, ಸುಳ್ಳು ಸುದ್ದಿ ಹೇಗೆ ಹರಡುತ್ತದೆ, ಪತ್ರಿಕೆಗೆ ಯಾವ ಕಾನೂನಿನ ಕಟ್ಟು ಇದೆ, ಸಮೀಕ್ಷೆ ಮಾಡುವುದು ಹೇಗೆ ಎಂಬುದೆಲ್ಲ ಇಲ್ಲಿನ ಪಾಠ. ಮೂರನೆಯದು ಪಿಎಚ್.ಡಿ. ಅಲ್ಲಿ ಬೇರೆಯವರ ಉತ್ತರ ಒಪ್ಪಿಸಿದರೆ ಸಾಲದು. ತನ್ನದೇ ಒಂದು ಪ್ರಶ್ನೆ ಹಿಡಿದು, ಊರೂರು ತಿರುಗಿ, ಲೆಕ್ಕ ಹಾಕಿ, ತಿಳಿದವರ ಮುಂದೆ ನಿಂತು ಉತ್ತರ ಹೇಳಬೇಕು.

ನಮ್ಮವರು ಸಾಮಾನ್ಯವಾಗಿ ಮೊದಲ ಮೆಟ್ಟಿಲಿನಲ್ಲೇ ನಿಲ್ಲಿಸುತ್ತಾರೆ, ಅದರಲ್ಲೂ ಹೆಣ್ಣುಮಕ್ಕಳನ್ನು. ಹಣ ಮತ್ತು ವಯಸ್ಸು ಎಂಬ ಎರಡು ಕಾರಣ ಹೇಳುತ್ತಾರೆ. ಎರಡನ್ನೂ ತೂಗಿ ನೋಡೋಣ.

ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಈ ವಿಷಯವೂ ಇದೆ. ಅದರಲ್ಲಿ ಸಂಶೋಧನಾ ಫೆಲೋಷಿಪ್ ಗಳಿಸಿದರೆ, 2023ರ ಜನವರಿಯಿಂದ ನಿಗದಿಯಾದಂತೆ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಮುಂದೆ 42,000 ರೂಪಾಯಿ. ಎಲ್ಲರಿಗೂ ಸಿಗುವುದಲ್ಲ, ಗಟ್ಟಿಯಾಗಿ ಓದಿದವರಿಗೆ ಸಿಗುತ್ತದೆ. ಇನ್ನು ವಯಸ್ಸಿನ ಮಾತು. 2022ರ ಯು.ಜಿ.ಸಿ. ನಿಯಮದ ಪ್ರಕಾರ ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ಸಾಮಾನ್ಯವಾಗಿ ಆರು ವರ್ಷದೊಳಗೆ ಮುಗಿಸಬೇಕು. ಹೆಣ್ಣುಮಕ್ಕಳಿಗೆ ಹೆಚ್ಚಿನ ಅವಧಿಯ ರಿಯಾಯಿತಿಯಿದೆ, ಹೆರಿಗೆಗೆ ಮತ್ತು ಮಗುವಿನ ಪಾಲನೆಗೆ 240 ದಿನಗಳವರೆಗೆ ರಜೆಯೂ ಇದೆ. ಅಂದಮೇಲೆ ಮದುವೆಗಾಗಿ ಓದು ನಿಲ್ಲಿಸಬೇಕೆಂದು ಸರಕಾರ ಹೇಳಿಲ್ಲ, ಹೇಳುತ್ತಿರುವವರು ನಾವು. ಸಂಬಂಧ ನೋಡುವಾಗ ಬಂಗಾರದ ಮಾತು ಆಡುವ ನಾವು "ಹುಡುಗಿಯ ಓದು ಮುಂದುವರಿಸುತ್ತೀರಾ?" ಎಂದು ಬೀಗರನ್ನು ಕೇಳಲು ಯಾಕೆ ಹಿಂಜರಿಯಬೇಕು?

ನಮ್ಮ ಮಕ್ಕಳ ಹತ್ತಿರ ಬೇರೆಯವರಿಗಿಲ್ಲದ ಬಂಡವಾಳ ಒಂದಿದೆ. ಕೊಡಂಗಲ್, ಜಹೀರಾಬಾದ್, ನಾರಾಯಣಖೇಡದ ನಮ್ಮ ಹುಡುಗರಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಬಜಾರಿನಲ್ಲಿ ಹಿಂದಿ-ಉರ್ದು, ಪುಸ್ತಕದಲ್ಲಿ ಇಂಗ್ಲಿಷ್. ಇದನ್ನು ನಾವು ಕಲಸುಮೇಲೋಗರ ಎಂದು ನಗುತ್ತೇವೆ. ಸಂಶೋಧನೆಗೆ ಅದೇ ನಿಜವಾದ ಆಸ್ತಿ.

ತೊಗರಿಯನ್ನೇ ನೋಡಿರಿ. ಕಲಬುರಗಿ ತೊಗರಿಬೇಳೆಗೆ 2019ರಲ್ಲಿ, ತಾಂಡೂರು ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಒಂದು ಕಾಲಕ್ಕೆ ಒಂದೇ ಜಿಲ್ಲೆಯಾಗಿದ್ದ ನೆಲ, ಈಗ ಎರಡು ರಾಜ್ಯ, ಎರಡು ಗುರುತು. ಈ ಸುದ್ದಿ ಬೆಳೆದ ರೈತನಿಗೆ ಯಾವ ಭಾಷೆಯಲ್ಲಿ ತಲುಪಿತು? ಅಡತಿಯವರಿಗೆ ಹೇಗೆ ತಿಳಿಯಿತು? ದೂರದ ಗಿರಾಕಿ ಅದನ್ನು ನಂಬಿದನೇ? ಇದು ಪಕ್ಕಾ ಪಿಎಚ್.ಡಿ. ಪ್ರಶ್ನೆ. ದೊಡ್ಡ ಊರಿನಿಂದ ಬಂದವನಿಗೆ ಅಡತಿ ಅಂಗಡಿಯ ಮಾತೇ ಅರ್ಥವಾಗದು. ಗಲ್ಲಾದ ಪಕ್ಕ ಕೂತು ಬೆಳೆದ ಮಗುವಿಗೆ ಅರ್ಥವಾಗುತ್ತದೆ.

ಟೈಮ್ಸ್ ಆಫ್ ಇಂಡಿಯಾ ಸಮೂಹವನ್ನು ದಶಕಗಳಿಂದ ನಡೆಸುತ್ತಿರುವುದು ಸಾಹು ಜೈನ ಮನೆತನ. ಪತ್ರಿಕೆಯ ಒಡೆತನ ನಮ್ಮವರಿಗೆ ಒಗ್ಗುವುದಾದರೆ, ಪತ್ರಿಕೆಯ ವಿದ್ಯೆ ಯಾಕೆ ಒಗ್ಗಬಾರದು?

ಕೆಲವು ಎಚ್ಚರಿಕೆಯ ಮಾತುಗಳೂ ಇವೆ. ಪದವಿ ಮುಗಿದ ಕೂಡಲೇ ದೊಡ್ಡ ಸಂಬಳ ಬರುತ್ತದೆಂದು ನಂಬಬೇಡಿರಿ. ಕಾಲೇಜಿನ ಕಟ್ಟಡ ನೋಡಿ ಸೇರಿಸಬೇಡಿರಿ. ಮಾನ್ಯತೆ ಇದೆಯೇ, ಕಾಯಂ ಅಧ್ಯಾಪಕರು ಎಷ್ಟು ಮಂದಿ, ಪಿಎಚ್.ಡಿ. ಮಾರ್ಗದರ್ಶಕರು ಇದ್ದಾರೆಯೇ ಎಂದು ಕೇಳಿರಿ. ಕಲಬುರಗಿ ಕಡೆಗೆ ಕಳಿಸುವವರು ಇನ್ನೊಂದು ವಿಷಯ ತಿಳಿದಿರಬೇಕು: ಅಲ್ಲಿನ 371ಜೆ ಮೀಸಲಾತಿ ಕರ್ನಾಟಕದ ಜಿಲ್ಲೆಗಳವರಿಗಾಗಿ ಇರುವಂಥದ್ದು, ಹಳೆಯ ಗುಲಬರ್ಗಾ ಜಿಲ್ಲೆಯವರು ಎಂಬ ಮಾತ್ರಕ್ಕೆ ನಮಗೆ ಬರುವುದಿಲ್ಲ.

ಮೊದಲ ಮೆಟ್ಟಿಲು ಹತ್ತಿಸುವಾಗಲೇ ಮೂರನೆಯದರ ಲೆಕ್ಕ ಹಾಕಿಡಿರಿ. ಎಲ್ಲ ಮಕ್ಕಳೂ ಅಲ್ಲಿಗೆ ಹೋಗಬೇಕಿಲ್ಲ. ಆದರೆ ಪ್ರಶ್ನೆ ಕೇಳುವ ಮಗು ಮನೆಯಲ್ಲಿದ್ದರೆ, ಮಗನಿರಲಿ ಮಗಳಿರಲಿ, ಅರ್ಧಕ್ಕೆ ಇಳಿಸಬೇಡಿರಿ.