ಮಣಿಸರಕ್ಕೆ ಮರ್ಯಾದೆ, ಪೋಣಿಸಿದಾಕಿಗೆ ದಂಡ



ಪೋಸ್ಟ್ ಉದ್ದ ಐತಿ. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದ್ರಿ, ಆಮೇಲೆ ಬೈಯ್ರಿ.

ನಮ್ಮ ತಾಂಬಾ, ಇಂಡಿ, ಸಿಂದಗಿ ಕಡೆಯ ಕೇರಿ ಮತ್ತು ತಾಂಡಾದ ಹೆಣ್ಣುಮಕ್ಕಳು ಹಳೇ ಗಾಜಿನ ಮಣಿ ಬಳಸಿ ಸರ, ಓಲೆ ಮಾಡಿ ಪ್ರದರ್ಶನಕ್ಕೆ ಇಡಬೇಕು ಅನ್ನೋ ಮಾತು ಬಂದಾಗೆಲ್ಲ ನಮ್ಮ ಚಳವಳಿಯೊಳಗ ಎರಡು ದನಿ ಏಳ್ತಾವ. ಒಂದು: "ಬಾಬಾಸಾಹೇಬರು ಕಿತ್ತೊಗೀರಿ ಅಂದದ್ದನ್ನ ಮತ್ತ ಯಾಕ ಕೈಯಾಗ ಹಿಡೀತೀರಿ?" ಇನ್ನೊಂದು: "ಇದು ನಮ್ಮ ಪರಂಪರೆ, ಜಗತ್ತೇ ಮೆಚ್ಚೇತಿ, ಹೆಮ್ಮೆ ಪಡ್ರಿ." ಈ ಎರಡೂ ದನಿಗೆ ಮಣಿ ಮಾತ್ರ ಕಾಣ್ತದ. ಪೋಣಿಸಿದಾಕಿ ಕಾಣೋದಿಲ್ಲ.

ಮೊದಲನೇ ದನಿಯ ಹಿಂದೆ ದೊಡ್ಡ ಇತಿಹಾಸ ಐತಿ, ಅದನ್ನು ನಾನು ಹಗುರ ಮಾಡೋದಿಲ್ಲ. ಕೇರಳದಲ್ಲಿ ಪುಲಯ ಹೆಣ್ಣುಮಕ್ಕಳು ಚಿನ್ನ, ಬೆಳ್ಳಿ ಮುಟ್ಟುವಂತಿರಲಿಲ್ಲ. ಕಲ್ಲು ಮತ್ತು ಗಾಜಿನ ಮಣಿಯ ಕಲ್ಲುಮಾಲೆಯೇ ಅವರ ಕೊರಳಿಗೆ. ದೂರದಿಂದಲೇ ಜಾತಿ ಗೊತ್ತಾಗಬೇಕಲ್ಲ! 1915ರಲ್ಲಿ ಅಯ್ಯಂಕಾಳಿಯವರು ಆ ಮಾಲೆ ತೆಗೆದುಹಾಕಿ ಅಂತ ಕರೆ ಕೊಟ್ಟರು. ಮೇಲ್ಜಾತಿಯವರು ಪೆರಿನಾಡಿನಲ್ಲಿ ಗಲಭೆ ಎಬ್ಬಿಸಿ ಗುಡಿಸಲುಗಳಿಗೆ ಬೆಂಕಿ ಇಟ್ಟರು. ಆದರೂ ಕೊಲ್ಲಂ ಸಭೆಯಲ್ಲಿ ಹೆಣ್ಣುಮಕ್ಕಳು ತಮ್ಮ ಮಾಲೆ ಕತ್ತರಿಸಿ ರಾಶಿ ಹಾಕಿದರು. 1927ರ ಡಿಸೆಂಬರ್‌ನಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ನಮ್ಮ ತಾಯಂದಿರಿಗೆ ಹೇಳಿದ್ದೂ ಇದೇ ಅರ್ಥದ ಮಾತು: ಕೊರಳ ತುಂಬ ಸರ, ಮೊಣಕೈವರೆಗೆ ಬೆಳ್ಳಿ ಇಲ್ಲವೇ ತವರದ ಬಳೆ, ಇವು ಅಸ್ಪೃಶ್ಯತೆಯ ಗುರುತು, ಬಿಡಿ, ಹಾಕಲೇಬೇಕು ಅಂದ್ರೆ ಬಂಗಾರ ಹಾಕಿ. ಬಂಗಾರ ಹಾಕಲಿಕ್ಕಾದರೂ ಎಲ್ಲಿ ಬಿಟ್ಟರು? ಇಂದೋರ್ ಸೀಮೆಯ ಬಲಾಯಿ ಹೆಣ್ಣುಮಕ್ಕಳು ಚಿನ್ನ, ಬೆಳ್ಳಿ ತೊಡಬಾರದು ಅಂತ ಅಲ್ಲಿನ ಮೇಲ್ಜಾತಿಗಳು ಕಟ್ಟಳೆ ಹಾಕಿದ್ದನ್ನ ಅವರೇ 'ಜಾತಿ ವಿನಾಶ'ದಲ್ಲಿ ಬರೆದಾರ.

ದೂರ ಯಾಕ, ನಮ್ಮ ಸೀಮೆಯನ್ನೇ ನೋಡ್ರಿ. ಕೆಂಪು, ಬಿಳಿ ಮಣಿ ಪೋಣಿಸಿ ಎಲ್ಲಮ್ಮನ ಹೆಸರಲ್ಲಿ ನಮ್ಮ ಹುಡುಗಿಯರಿಗೆ ಮುತ್ತು ಕಟ್ಟಿದರು. ಆ ಒಂದು ಸರ ಬಿದ್ದ ಮೇಲೆ ಆಕೆಗೆ ಮದುವೆ ಇಲ್ಲ, ಹುಟ್ಟಿದ ಮಕ್ಕಳಿಗೆ ಅಪ್ಪನ ಹೆಸರಿಲ್ಲ. 1982ರ ಕಾಯ್ದೆ ಬಂದು ಅದು ಅಪರಾಧ ಆಯ್ತು. ಆದರೆ ಆ ಸರ ಕೊರಳಲ್ಲಿ ಇಟ್ಟುಕೊಂಡೇ ಮುಪ್ಪಾದ ಅವ್ವಂದಿರು ನಮ್ಮ ಕೇರಿಗಳಲ್ಲಿ ಇವತ್ತಿಗೂ ಅದಾರ. ಮಣಿ ಅಂದ ಕೂಡಲೇ ನಮ್ಮವರಿಗೆ ಮೈ ಉರಿಯೋದು ಸುಮ್ಮನೆ ಅಲ್ಲ.

ಆದರೆ ಒಂದು ಕೇಳ್ತೀನಿ. ಕೊಲ್ಲಂನಲ್ಲಿ ಕತ್ತರಿ ಹಿಡಿದವರು ಯಾರು? ಆ ಹೆಣ್ಣುಮಕ್ಕಳೇ. ಅವರು ಗಾಜಿನ ಮೇಲೆ ಸಿಟ್ಟಾಗಿರಲಿಲ್ಲ. ನನ್ನ ಕೊರಳಲ್ಲಿ ಏನಿರಬೇಕು ಅಂತ ನಿರ್ಧರಿಸೋಕೆ ನೀ ಯಾರು ಅಂತ ಕೇಳಿದರು. ಈಗ ನಮ್ಮದೇ ಗಂಡುಮಕ್ಕಳು ಬಿಳಿ ಅಂಗಿ ಹಾಕ್ಕೊಂಡು, ವೇದಿಕೆ ಮೇಲೆ ನಿಂತು, "ಇದನ್ನ ಹಾಕಬ್ಯಾಡ, ಇದನ್ನ ಮಾಡಬ್ಯಾಡ, ಮಾರಬ್ಯಾಡ" ಅಂದ್ರೆ ಅದು ಯಾರ ದನಿ? ಆಕಿ ದುಡಿಮೆ ಬೇಡ ಅನ್ನೋವ್ರು ಆಕಿ ಮನೀಗೆ ತಿಂಗಳಾ ಜೋಳ ಕಳಿಸ್ತೀರೇನು?

ಈಗ ಎರಡನೇ ದನಿಗೆ ಬರೋಣ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ ಲಂಬಾಣಿ ಕಸೂತಿಯ 1,755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆ ಮಾಡಿದರು. ಅದರ ಹಿಂದೆ ಸಂಡೂರಿನ ಕುಶಲ ಕಲಾ ಕೇಂದ್ರದ 450ಕ್ಕೂ ಹೆಚ್ಚು ಹೆಣ್ಣುಮಕ್ಕಳ ಬೆರಳು ಇದ್ದವು. ಸಂಡೂರು ಲಂಬಾಣಿ ಕಸೂತಿಗೆ 2010ರಲ್ಲೇ ಜಿಐ ಮಾನ್ಯತೆ ಸಿಕ್ಕಿದೆ. ಅದು ಅವರ ದುಡಿಮೆಯ ಗಳಿಕೆ, ಅದಕ್ಕೆ ನನ್ನ ಸಲಾಂ. ಆದರೆ ಆ 450 ಮಂದಿಯಲ್ಲಿ ಒಬ್ಬಾಕಿಯ ಹೆಸರು ಹೇಳ್ರಿ ನೋಡೋಣ. ಗೊತ್ತಿಲ್ಲ ಅಲ್ಲೇನು? ನಮಗೆಲ್ಲ ಸಂಖ್ಯೆ ಬಾಯಿಪಾಠ, ಹೆಸರು ಒಂದೂ ಬರೋದಿಲ್ಲ.

ಅದೇ ಕನ್ನಡಿ, ಅದೇ ಕವಡೆ, ಅದೇ ಗಾಜಿನ ಮಣಿ ತಗೊಂಡು ಉತ್ತರ ಕರ್ನಾಟಕದ ಲಂಬಾಣಿ ಹೆಣ್ಣುಮಕ್ಕಳು ಗೋವಾದ ಅಂಜುನಾ, ಕಲಂಗುಟ್ ದಂಡೆ ಮೇಲೆ ಎಷ್ಟೋ ವರ್ಷದಿಂದ ಸರ ಮಾರ್ತಾರ. ಅಲ್ಲಿ ಅವರಿಗೆ ಪ್ರಶಸ್ತಿ ಕೊಡೋದಿಲ್ಲ. ಪ್ರವಾಸಿ ಸ್ಥಳಗಳ ಸಂರಕ್ಷಣೆ ಅಂತ 2001ರಲ್ಲಿ ಗೋವಾ ಸರ್ಕಾರ ಮಾಡಿದ ಕಾಯ್ದೆಗೆ 2025ರಲ್ಲಿ ತಿದ್ದುಪಡಿ ಆಯ್ತು. ದಂಡೆ ಮೇಲೆ ಓಡಾಡಿ ಮಾರೋದು 'ಉಪದ್ರವ'ದ ಪಟ್ಟಿಯಲ್ಲಿ ಸೇರಿತು, ದಂಡ 5,000ದಿಂದ 1 ಲಕ್ಷ ರೂಪಾಯಿವರೆಗೆ! ಬೀದಿ ವ್ಯಾಪಾರಿಗಳ ಜೀವನೋಪಾಯ ಕಾಪಾಡಲಿಕ್ಕೆ ಅಂತ 2014ರಲ್ಲಿ ಪಾರ್ಲಿಮೆಂಟ್ ಮಾಡಿದ ಕಾಯ್ದೆ ಇದ್ದೇ ಇದೆ, ಯಾವ ಕಪಾಟಿನಾಗ ಮಲಗೇತೋ.

ಹಂಪಿಯಲ್ಲಿ ಪರಂಪರೆ, ಅಂಜುನಾದಲ್ಲಿ ಉಪದ್ರವ. ಮಣಿ ಬದಲಾಗಿಲ್ಲ, ಮಾಡಿದ ಕೈಯೂ ಬದಲಾಗಿಲ್ಲ. ಹಂಪಿಯಲ್ಲಿ ತೋರಿಸೋರು ಬೇರೆಯವರು. ಅಂಜುನಾದಲ್ಲಿ ಆಕಿನೇ ಎದುರಿಗೆ ನಿಂತು ರೇಟು ಹೇಳ್ತಾಳ. ನಮ್ಮ ಹೆಣ್ಣುಮಗಳು ತನ್ನ ವಸ್ತುವಿಗೆ ತಾನೇ ಬೆಲೆ ಹೇಳಿದರೆ ಈ ದೇಶಕ್ಕೆ ಕಿರಿಕಿರಿ ಆಗ್ತದ, ಅಷ್ಟೇ.

ಇನ್ನು ಹೊಸ ಫ್ಯಾಶನ್ 'ರೀಸೈಕಲ್'. ಪೇಟೆಯ ಪ್ರದರ್ಶನಗಳಲ್ಲಿ ಈ ಮಾತಿಗೆ ಭಾರಿ ಕಿಮ್ಮತ್ತು. ಅಲ್ರೀ, ತಾಂಡಾದಾಗ ಇದನ್ನ ಯಾರು ಕಲಿಸಬೇಕಿತ್ತು? ಫೇಟಿಯಾ, ಕಾಂಚಳಿ ಹರಿದರೆ ಅದರ ಕನ್ನಡಿ, ಕವಡೆ, ಮಣಿ ಬಿಚ್ಚಿ, ತೊಳೆದು, ಸಣ್ಣದು ದೊಡ್ಡದು ಬೇರೆ ಮಾಡಿ, ಹೊಸ ದಾರಕ್ಕೆ ಏರಿಸೋದು ತಲೆತಲಾಂತರದ ಕೆಲಸ. ನಮ್ಮ ಕೇರಿಯಲ್ಲಿ ಸರ ಹರಿದರೆ ಮನೀ ಮಂದಿ ಎಲ್ಲ ಚಿಮಣಿ ಹಿಡಿದು ನೆಲದ ಮೇಲೆ ಮಣಿ ಆರಿಸ್ತಿದ್ದರು. ಆಗ ಅದರ ಹೆಸರು ಬಡತನ.

ಗಾಜಿನ ಗುಣ ಅಂದ್ರೆ ಎಷ್ಟು ಸಲ ಕರಗಿಸಿದರೂ ಮತ್ತೆ ಗಾಜೇ. ಪಶ್ಚಿಮ ಆಫ್ರಿಕದ ಘಾನಾದಲ್ಲಿ ಕ್ರೋಬೋ ಜನ ಖಾಲಿ ಬಾಟಲಿ ಕುಟ್ಟಿ ಪುಡಿ ಮಾಡಿ, ಮಣ್ಣಿನ ಅಚ್ಚಿಗೆ ತುಂಬಿ, ನಡುವೆ ಮರಗೆಣಸಿನ ಎಲೆಯ ದಂಟು ಚುಚ್ಚಿ ಗೂಡಿನಲ್ಲಿ ಸುಡ್ತಾರ. ದಂಟು ಸುಟ್ಟುಹೋಗಿ ತೂತು ಉಳೀತದ, ಮಣಿ ಆಗ್ತದ. ಆ ಮಣಿಯನ್ನು ಜಗತ್ತು 'ಕ್ರೋಬೋ ಮಣಿ' ಅಂತಲೇ ಕರೀತದ. ಮಾಡಿದವರ ಹೆಸರು ವಸ್ತುವಿಗೆ ಅಂಟೇತಿ.

ನಮ್ಮಲ್ಲಿ? ಬಾಟಲಿ ಆರಿಸೋರು ನಮ್ಮವರು. ಕೈ ಕೊಯ್ಸಿಕೊಂಡು, ಭಾರ ಹೊತ್ತು ಗುಜರಿಗೆ ಹಾಕಿದರೆ ತಗಡು, ಪ್ಲಾಸ್ಟಿಕ್‌ಗಿಂತ ಗಾಜಿಗೇ ಕಡಿಮೆ ರೇಟು. ಪೋಣಿಸೋರೂ ನಮ್ಮವರೇ. ಒಂದು ಪೇಟೆಯ ಪ್ರದರ್ಶನದಲ್ಲಿ ನನಗೆ ಪರಿಚಯದ ತಾಂಡಾದ ಯಾಡಿಯ ಸರ ನೋಡಿದೆ. ಯಾಡಿ ಅಂದ್ರೆ ಅವರ ಮಾತಿನಲ್ಲಿ ತಾಯಿ. ಆಕೆಗೆ ಕೊಟ್ಟದ್ದು 70 ರೂಪಾಯಿ, ಮೇಲಿನ ಚೀಟಿಯಲ್ಲಿ 950. ಚೀಟಿಯಲ್ಲಿ ಭೂಮಿ ಉಳಿಸುವ ಮಾತು ಇತ್ತು, ಮಳಿಗೆಯ ಹೆಸರಿತ್ತು, ಯಾಡಿಯ ಹೆಸರಿರಲಿಲ್ಲ. ಬಾಡಿಗೆ, ಸಾಗಣೆ ಖರ್ಚು ಇರ್ತದ, ಒಪ್ತೀನಿ. ನಾನು ಗುಮಾಸ್ತ, ಕೂಡಿಸಿ ಕಳೆಯೋದೇ ನನ್ನ ಕೆಲಸ. ಎಷ್ಟು ಖರ್ಚು ಕಳೆದರೂ 950ರಾಗ 70 ನ್ಯಾಯ ಅಂತ ಬರೋದಿಲ್ಲ.

ಸರ್ಕಾರದ ಕಾಗದದಲ್ಲೂ ಆಕಿ ಇಲ್ಲ. 2023ರಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯಲ್ಲಿ 18 ಕಸುಬುಗಳಿವೆ. ಬಂಗಾರದ ಕೆಲಸದವರು ಇದ್ದಾರೆ, ಹೂಮಾಲೆ ಕಟ್ಟುವವರು ಇದ್ದಾರೆ. ಗಾಜಿನ ಮಣಿಯ ಆಭರಣ ಮಾಡುವಾಕೆಗೆ ಒಂದು ಸಾಲಿಲ್ಲ.

ಒಳಮೀಸಲಾತಿ ವಿಷಯದಲ್ಲಿ ನಮಗೂ ತಾಂಡಾದ ಗೆಳೆಯರಿಗೂ ಜಗಳ ಐತಿ, ಅದನ್ನ ಅಲ್ಲಿ ಆಡೋಣ. ಈ ವಿಷಯದಲ್ಲಿ ಕೇರಿ, ತಾಂಡಾ ಒಂದೇ ಸಾಲಿನಲ್ಲಿ ಕೂತಾವ. ಅದಕ್ಕೇ ನಾನು ಕೇಳೋದು ಇಷ್ಟು:

1. ಪ್ರದರ್ಶನಕ್ಕಿಟ್ಟ ಪ್ರತಿ ಸರದ ಚೀಟಿಯಲ್ಲಿ ಮಾಡಿದಾಕೆ ಒಪ್ಪಿದರೆ ಆಕೆಯ ಹೆಸರು, ಊರು ಇರಲಿ.

2. ಅದೇ ಚೀಟಿಯಲ್ಲಿ ಎರಡು ಅಂಕಿ ಬರೀರಿ: ಆಕೆಗೆ ಸಿಕ್ಕಿದ್ದು ಎಷ್ಟು, ನೀವು ಮಾರೋದು ಎಷ್ಟು.

3. ಮಳಿಗೆಯಲ್ಲಿ ಆಕೆಯೇ ಕೂರಲಿ, ಗಲ್ಲಾಪೆಟ್ಟಿಗೆ ಆಕೆಯ ಕೈಯಲ್ಲಿರಲಿ. ಫೋಟೋಕ್ಕಾಗಿ ವೇಷ ಹಾಕಿಸಿ ಕುಣಿಸೋದು ಬಂದ್ ಆಗಲಿ.

4. ವಿಜಯಪುರದ ಸಿದ್ಧೇಶ್ವರ ಜಾತ್ರೆಯಲ್ಲಿ, ನವರಸಪುರ ಉತ್ಸವದಲ್ಲಿ ಇವರಿಗೆ ಬಾಡಿಗೆ ಇಲ್ಲದ ಮಳಿಗೆ ಕೊಡಲಿ. 2013ರ ಕಾಯ್ದೆಯ ಪ್ರಕಾರ ಪರಿಶಿಷ್ಟರಿಗೆ ಅಂತಲೇ ಎತ್ತಿಟ್ಟ ಹಣ ಐತಲ್ಲ, ಅದರಲ್ಲಿ ದಾರ, ಸೂಜಿ, ಗಾಜು ಒಡೆಯುವಾಗ ಬೇಕಾದ ಕೈಗವಸು, ಕನ್ನಡಕ ಕೊಡಿಸಲಿ.

5. ಇದು ನಮಗೆ. ಏಪ್ರಿಲ್ 14ಕ್ಕೆ ಅತಿಥಿಗಳಿಗೆ ಶಾಲು, ಹಾರ, ಪ್ಲಾಸ್ಟಿಕ್ ಫಲಕ ಅಂತ ಬಜಾರಿನಾಗ ಸಾವಿರಾರು ರೂಪಾಯಿ ಸುರೀತೀವಿ. ಈ ಸಲ ಆ ರೊಕ್ಕ ನಮ್ಮ ಹೆಣ್ಣುಮಕ್ಕಳ ಕೈಗೆ ಹೋಗಲಿ.

ಮಣಿ ಹಾಕ್ಕೊಳ್ಳೋದು, ಕಿತ್ತೊಗೆಯೋದು ಆಕಿ ಇಷ್ಟ. ಮಾಡಿದ್ದಕ್ಕೆ ಪೂರ್ತಿ ರೊಕ್ಕ ಎಣಿಸಿ ಕೊಡೋದು ನಮ್ಮ ಕೆಲಸ. ನಿಮ್ಮ ಊರಾಗ ಪೋಣಿಸುವ ಅಕ್ಕಂದಿರು ಎಷ್ಟು ಮಂದಿ ಅದಾರ, ಒಂದು ಸರಕ್ಕೆ ಈಗ ಏನು ಸಿಗಾಕತ್ತೇತಿ, ಅವರನ್ನೇ ಕೇಳಿ ಕೆಳಗೆ ಬರೀರಿ. ಪಟ್ಟಿ ಆದ ಮೇಲೆ ಎಲ್ಲರೂ ಕೂಡಿ ಡಿಸಿ ಆಫೀಸಿಗೆ ಹೋಗೋಣ.

ಜೈಭೀಮ್.