ಕೂಸಿಗೆ ನರದಲ್ಲಿ ಊಟ, ತಾಯಿಗೆ ಕಾರಿಡಾರಿನಲ್ಲಿ ಬನ್ನು

ಹೋದ ತಿಂಗಳು ಸುದ್ದಿಗೆಂದು ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ನವಜಾತ ಶಿಶು ಘಟಕದ ಗಾಜಿನಾಚೆ ಒಂದು ಪುಟ್ಟ ಕೂಸು. ಪಕ್ಕದ ಪಂಪಿನಿಂದ ಬಿಳಿ ದ್ರವ ಸಣ್ಣ ಕೊಳವೆಯಲ್ಲಿ ಮೈಗೆ ಇಳಿಯುತ್ತಿತ್ತು. ‘ಅಲ್ಲಪ್ಪ, ಹಾಲ್ನೇ ನರಕ್ಕೆ ಬಿಡ್ತಾವ್ರಲ್ಲ!’ ಎಂದು ಅಜ್ಜಿಯೊಬ್ಬರು ಹೌಹಾರಿದರು.

ಅದು ಹಾಲಲ್ಲ, ಕೊಬ್ಬು. ಸೋಯಾದಂಥ ಎಣ್ಣೆಯನ್ನು ರಕ್ತದಲ್ಲಿ ಬೆರೆಯುವಷ್ಟು ಸಣ್ಣ ಹನಿಯಾಗಿ ಒಡೆದು ಮಾಡುತ್ತಾರೆ. ಅದರ ಜೊತೆಗೆ ಗ್ಲೂಕೋಸ್, ಪ್ರೋಟೀನಿನ ಅಂಶ, ಲವಣ, ವಿಟಮಿನ್. ತಿಂಗಳು ತುಂಬುವ ಎಷ್ಟೋ ಮೊದಲೇ ಹುಟ್ಟಿದ, ಒಂದೂವರೆ ಕೆಜಿಯೂ ಇಲ್ಲದ ಕೂಸಿನ ಕರುಳು ಬಲಿತಿರುವುದಿಲ್ಲ. ಚೀಪಿ ನುಂಗಲೂ ಬರುವುದಿಲ್ಲ. ಬರೀ ಗ್ಲೂಕೋಸ್ ಕೊಟ್ಟರೆ ಮೈ ಬೆಳೆಯದು. ಹೀಗೆ ನರದ ಊಟದಿಂದಲೇ ಮಗು ಬೆಳೆಯಬಲ್ಲದು ಎಂದು ಅಮೆರಿಕದ ವೈದ್ಯರಾದ ವಿಲ್ಮೋರ್ ಮತ್ತು ಡುಡ್ರಿಕ್ 1968ರಲ್ಲೇ ತೋರಿಸಿದ್ದರು. ಆ ಹೆಣ್ಣುಕೂಸಿಗೆ ಸಣ್ಣ ಕರುಳು ಹೆಚ್ಚುಕಡಿಮೆ ಇರಲೇ ಇಲ್ಲ.

ಆದರೆ ಈ ಊಟವನ್ನು ಬಹಳ ದಿನ ಕೊಡುವಂತಿಲ್ಲ. ಕೊಳವೆಯಿಂದ ಸೋಂಕು ಏರಬಹುದು, ಲಿವರ್ ಸೋಲಬಹುದು. ಅದಕ್ಕೇ ಡಾಕ್ಟರುಗಳು ಮೊದಲ ದಿನಗಳಿಂದಲೇ ತಾಯಿಹಾಲನ್ನು ಹನಿಹನಿಯಾಗಿ ಹೊಟ್ಟೆಗೆ ಬಿಡುತ್ತಾ, ನರದ್ದನ್ನು ಕಡಿಮೆ ಮಾಡುತ್ತಾ ಬರುತ್ತಾರೆ.

ಆ ಹಾಲು ಬರಬೇಕಲ್ಲ? ಹೆರಿಗೆಯಾದ ಮೊದಲ ಗಂಟೆಗಳಿಂದಲೇ ಹಿಂಡಲು ಶುರುಮಾಡಿ, ರಾತ್ರಿಯೂ ಸೇರಿ ದಿನಕ್ಕೆ ಎಂಟು ಸಲವಾದರೂ ಹಿಂಡಬೇಕು. ಇಲ್ಲದಿದ್ದರೆ ಬತ್ತುತ್ತದೆ. ನಾವೋ, ‘ಬಾಣಂತಿಗೆ ಥಂಡಿ ಆಗುತ್ತೆ’ ಎಂದು ಅವಳನ್ನು ಊರಿಗೆ ಕರೆದೊಯ್ದು, ಗಂಡಸರನ್ನು ಕಾವಲಿಗೆ ಕೂರಿಸುತ್ತೇವೆ! ಪಥ್ಯದ ಹೆಸರಲ್ಲಿ ಅರೆಹೊಟ್ಟೆ ಬೇರೆ.

ತಪ್ಪು ನಮ್ಮದೊಂದೇ ಅಲ್ಲ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಸರ್ಕಾರಿ ಆಸ್ಪತ್ರೆಗೆ ಬಂದ ಕಾಯಿಲೆ ಕೂಸಿಗೆ ಚಿಕಿತ್ಸೆ, ಔಷಧಿ, ಓಡಾಟದ ವಾಹನ ಉಚಿತ. ತಾಯಿಗೆ ಊಟ ಮಾತ್ರ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನ. ಕೂಸು ತಿಂಗಳಿಡೀ ಒಳಗಿದ್ದರೆ? ಪಂಪು, ಔಷಧಿಗೆ ದುಡ್ಡಿದೆ, ಹಾಲು ಕೊಡುವವಳ ತಟ್ಟೆಗಿಲ್ಲ. ಕೂಸು ಒಳಗಿರುವಷ್ಟು ದಿನವೂ ತಾಯಿಗೆ ಮಂಚ, ಮೂರು ಹೊತ್ತು ಊಟ ಕೊಡಬೇಕು. ಅದನ್ನು ದಾನ ಅನ್ನಬೇಡಿ, ಅದೂ ಕೂಸಿನ ಚಿಕಿತ್ಸೆಯ ಭಾಗ.

ಅಜ್ಜಿಯ ಮಗಳಿಗೆ ಅಂದು ಒಂಬತ್ತನೇ ದಿನ. ಕಾರಿಡಾರಿನ ನೆಲದ ಮೇಲೆ ಕೂತು ಟೀಗೆ ಬನ್ನು ಅದ್ದಿ ತಿನ್ನುತ್ತಿದ್ದಳು. ಒಳಗಿನಿಂದ ನರ್ಸಮ್ಮ ಕೂಗಿದರು, ‘ಹಾಲು ತಂದ್ಯೇನಮ್ಮ?’